ಪ್ರಧಾನಿಯ ಕುರ್ಚಿ ಮತ್ತು ನಮ್ಮ ಮತ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



1996ರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಕನ್ನಡಿಗರೊಬ್ಬರು ಆ ಸ್ಥಾನಕ್ಕೇರಿದರೆಂದು ನಮಗೆಲ್ಲ ಹಿಗ್ಗು. ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಅವರು ಲೋಕಸಭಾ ಎಲೆಕ್ಷನ್‌ಗೆ ನಿಂತೇ ಇಲ್ಲ. ಪ್ರಧಾನಿ ಹ್ಯಾಂಗ ಆದ್ರು?"

ಒಳ್ಳೆಯ ಪ್ರಶ್ನೆ. ಗೌಡರು ಆಗ ನಮ್ಮ ಮುಖ್ಯಮಂತ್ರಿ, ಸಂಸತ್ತಿನ ಸದಸ್ಯರಲ್ಲ. ಅಂಥವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕೆಂದು ಸಂವಿಧಾನ ಹೇಳುತ್ತದೆ. ಅವರು ರಾಜ್ಯಸಭೆಗೆ ಆಯ್ಕೆಯಾದರು.

ಪ್ರಧಾನಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ಚಿಕ್ಕೋಡಿ ಕ್ಷೇತ್ರದಿಂದ ಒಬ್ಬ ಸದಸ್ಯರನ್ನು ಕಳಿಸುತ್ತೇವೆ. ಅಂಥ 543 ಸದಸ್ಯರಲ್ಲಿ ಹೆಚ್ಚಿನವರ ವಿಶ್ವಾಸ ಯಾರಿಗಿದೆಯೋ ಅವರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಬಿ. ಶಂಕರಾನಂದರನ್ನು 1967ರಿಂದ ಸತತ ಏಳು ಸಲ ಗೆಲ್ಲಿಸಿದ್ದ ನಮ್ಮ ಕ್ಷೇತ್ರ, ಆ ವರ್ಷ ಜನತಾದಳದ ರತ್ನಮಾಲಾ ಸವಣೂರ ಅವರನ್ನು ಕಳಿಸಿತು. ದೇವೇಗೌಡರ ಮಂತ್ರಿಮಂಡಲದಲ್ಲಿ ಅವರು ರಾಜ್ಯ ಸಚಿವೆಯಾದರು.

ಯಾರು ಮಂತ್ರಿ, ಯಾರಿಗೆ ಯಾವ ಖಾತೆ ಎಂದು ಪ್ರಧಾನಿಯೇ ತೀರ್ಮಾನಿಸುತ್ತಾರೆ. ಸಂಪುಟ ಸಭೆಯ ಅಧ್ಯಕ್ಷತೆ ಅವರದೇ. ಅವರು ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲವೇ ಹೋದಂತೆ. ಆದರೆ ಇಷ್ಟು ಅಧಿಕಾರವಿರುವ ಕುರ್ಚಿಯ ಕಾಲುಗಳು ಇರುವುದು ಲೋಕಸಭೆಯಲ್ಲಿ. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಅದನ್ನು ಹಿಂತೆಗೆದುಕೊಂಡಿತು. 1997ರ ಏಪ್ರಿಲ್ 11ರಂದು ವಿಶ್ವಾಸಮತಕ್ಕೆ ಪರವಾಗಿ ಬಿದ್ದ ಮತಗಳಿಗಿಂತ ವಿರುದ್ಧವಾಗಿ ಬಿದ್ದ ಮತಗಳೇ ಹೆಚ್ಚಾದವು. ಗೌಡರು ಇಳಿದರು. ಎರಡು ವರ್ಷದ ನಂತರ ವಾಜಪೇಯಿಯವರ ಸರ್ಕಾರ 269ಕ್ಕೆ 270, ಒಂದೇ ಮತದಿಂದ ಬಿತ್ತು. ಒಬ್ಬ ಸದಸ್ಯರ ತೂಕ ಎಷ್ಟೆಂದು ಆ ದಿನ ದೇಶಕ್ಕೆಲ್ಲ ತಿಳಿಯಿತು.

ಆದರೂ ಚುನಾವಣೆ ಬಂದಾಗ ನಾವು ಕಟ್ಟೆಯ ಮೇಲೆ ಕೂತು ಮಾತಾಡುವುದು ಪ್ರಧಾನಿಯ ಬಗ್ಗೆ ಮಾತ್ರ. ನಾವು ಕಳಿಸಿದವರು ಸದನದಲ್ಲಿ ಏನು ಕೇಳಿದರು, ಯಾವುದಕ್ಕೆ ಕೈ ಎತ್ತಿದರು ಎಂದು ವಿಚಾರಿಸುವವರು ಎಷ್ಟು ಜನ? ನಾನೂ ವಿಚಾರಿಸಿದ್ದು ಕಡಿಮೆ. ಪ್ರಧಾನಿಯನ್ನು ಪ್ರಶ್ನಿಸುವವರನ್ನು ನಾವು ಪ್ರಶ್ನಿಸದಿದ್ದರೆ ಆ ಕುರ್ಚಿಗೆ ಯಾರ ಅಂಜಿಕೆ?

ಮಕ್ಕಳೇ, ನೀವು ಶಾಲಾ ಸಂಸತ್ತಿಗೆ ಪ್ರಧಾನಿಯನ್ನು ಆರಿಸುತ್ತೀರಿ. ಆರಿಸಿ ಚಪ್ಪಾಳೆ ತಟ್ಟಿ ಸುಮ್ಮನಾಗಬೇಡಿ. ತಿಂಗಳಿಗೊಮ್ಮೆ ಎದ್ದು ನಿಂತು ಕೇಳಿ: ನಲ್ಲಿಗೆ ನೀರು ಯಾಕೆ ಬಂದಿಲ್ಲ? ಗ್ರಂಥಾಲಯದ ಬಾಗಿಲು ಯಾಕೆ ತೆರೆದಿಲ್ಲ? ಗುರುಗಳು ಅದಕ್ಕೊಂದು ಅವಧಿ ಬಿಟ್ಟುಕೊಡಲಿ ಎಂಬುದು ನನ್ನ ವಿನಂತಿ. ಅಂದು ಎದ್ದು ನಿಂತ ಆ ಹುಡುಗನಂಥವರು ಈ ಶಾಲೆಯಲ್ಲಿ ಇನ್ನೂ ಐವತ್ತು ವರ್ಷ ಎದ್ದು ನಿಲ್ಲುತ್ತಿರಲಿ.