ಊಟ ಬಲ್ಲ ಮಗು, ಮಾತು ಬಲ್ಲ ಮಗು

(ಮುಂಬಯಿಯಲ್ಲಿ ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಪಾಲಕರ ಸಭೆಯಲ್ಲಿ ದಂಪತಿಗಳು ಮಾಡಿದ ಭಾಷಣ)



ರಾಜ್ಯೋತ್ಸವದ ಈ ದಿನಗಳಲ್ಲಿ ನಾಡುನುಡಿಯ ಹಿರಿಮೆಯನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ವಿದ್ವಾಂಸರೂ ಅಲ್ಲ, ವೈದ್ಯರೂ ಅಲ್ಲ. ನಾಲ್ಕು ವರ್ಷದ ಹೆಣ್ಣುಮಗುವೊಂದರ ತಂದೆತಾಯಿ. ನಮ್ಮ ಮಗಳಿಗೆ ಶೇಂಗಾ ಆಗದು. ಈ ಜೂನ್ ತಿಂಗಳಲ್ಲಿ ಅವಳನ್ನು ಶಾಲೆಗೆ ಸೇರಿಸಿದೆವು. ಅದಕ್ಕಾಗಿ ನಾವು ಮಾಡಿಕೊಂಡ ಸಿದ್ಧತೆಯನ್ನು ನಾಲ್ಕು ಮಾತಿನಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದರಿಂದ ಇಲ್ಲಿ ನಿಂತಿದ್ದೇವೆ.

‘ಆಗದು’ ಎಂಬ ಮಾತನ್ನು ಮೊದಲು ಬಿಡಿಸಿ ಹೇಳಬೇಕು. ಬದನೆಕಾಯಿ ನಂಜು, ಹಲಸು ವಾಯು, ಮೊಸರು ಶೀತ ಎಂದು ನಮ್ಮ ಹಿರಿಯರು ಹೇಳುವುದುಂಟು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೂ ಉಂಟು. ನಾವು ಹೇಳುತ್ತಿರುವುದು ಅದಲ್ಲ. ರೋಗಾಣುಗಳೊಡನೆ ಕಾದಾಡಬೇಕಾದ ಮೈಯ ಕಾವಲುಪಡೆಯು ಒಂದು ಆಹಾರವನ್ನೇ ಶತ್ರುವೆಂದು ಭ್ರಮಿಸಿ ಮೇಲೆ ಬೀಳುವುದಕ್ಕೆ ಅಲರ್ಜಿ ಎಂದು ಹೆಸರು. ಬಟ್ಟಲುಗಟ್ಟಲೆ ತಿನ್ನಬೇಕಾಗಿಲ್ಲ, ಒಂದು ಚೂರು ಸಾಕು. ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು, ಸಿಗಡಿ, ಗೋಡಂಬಿ, ಎಳ್ಳು, ಶೇಂಗಾ, ಇವು ಹೀಗೆ ಕಾಡುವವುಗಳಲ್ಲಿ ಮುಖ್ಯವಾದವು.

“ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?” ಎಂದು ಹಿರಿಯರು ಕೇಳುತ್ತಾರೆ. ಇದು ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯಲ್ಲ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬವರು ಇಂಥ ತೀವ್ರ ಆಘಾತವನ್ನು 1902ರಲ್ಲೇ ವರ್ಣಿಸಿದರು. ಅದಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲರ್ಜಿ ಎಂಬ ಶಬ್ದವನ್ನು ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ 1906ರಲ್ಲಿ ಟಂಕಿಸಿದನು. ಇನ್ನು ಶೇಂಗಾ ಕೂಡ ನಮ್ಮ ನೆಲದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದು ಊರವರಲ್ಲಿ ಒಬ್ಬನಾದ ವಲಸೆಗಾರ ಅದು!

ನಮ್ಮ ಮಗುವಿಗೆ ಎರಡು ವರ್ಷವಿದ್ದಾಗ ನೆರೆಮನೆಯ ಆಯಿಯೊಬ್ಬರು ಅಕ್ಕರೆಯಿಂದ ಬೆರಳ ತುದಿಯಷ್ಟು ಚಿಕ್ಕಿಯನ್ನು ಬಾಯಿಗಿಟ್ಟರು. ಐದು ನಿಮಿಷದೊಳಗೆ ತುಟಿ ಊದಿತು, ಮೈಯೆಲ್ಲ ಗಂಧೆ ಎದ್ದಿತು, ಕೆಮ್ಮು ಹತ್ತಿತು, ದನಿ ಗೊಗ್ಗರಾಯಿತು. ಓಣಿಯ ಡಾಕ್ಟರರು ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷದಲ್ಲಿ ಉಸಿರು ಸಡಿಲವಾಯಿತು. ಆ ಔಷಧದ ಹೆಸರು ಅಡ್ರಿನಾಲಿನ್. ಆ ದಿನದಿಂದ ಆ ಹೆಸರು ನಮಗೆ ಮನೆದೇವರ ಹೆಸರಿನಷ್ಟೇ ಬಾಯಿಪಾಠವಾಗಿದೆ.

ಆಮೇಲೆ ತಜ್ಞರ ಬಳಿಗೆ ಹೋದೆವು. ಎಲ್ಲ ಪಾಲಕರೂ ಮಾಡಬೇಕಾದ ಮೊದಲ ಕೆಲಸ ಇದೇ. ತಜ್ಞರು ಮೊದಲು ನಡೆದ ಸಂಗತಿಯನ್ನು ವಿಚಾರಿಸುತ್ತಾರೆ, ಆಮೇಲೆ ಚರ್ಮದ ಪರೀಕ್ಷೆಯನ್ನೋ ರಕ್ತದ ಪರೀಕ್ಷೆಯನ್ನೋ ಮಾಡಿಸುತ್ತಾರೆ. ಬರಿಯ ರಕ್ತಪರೀಕ್ಷೆಯ ಕಾಗದ ನೋಡಿ ಹತ್ತು ಪದಾರ್ಥಗಳನ್ನು ಬಿಡಿಸಿ ಮಗುವನ್ನು ಸೊರಗಿಸಬಾರದು. ಪರೀಕ್ಷೆಯಲ್ಲಿ ಕಂಡದ್ದೆಲ್ಲ ತಿಂದಾಗ ಕಾಡುವುದಿಲ್ಲ. ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಮಾಯವಾಗುತ್ತದೆ. ಶೇಂಗಾ ಮಾತ್ರ ಸುಮಾರು ಐವರಲ್ಲಿ ಒಬ್ಬರನ್ನಷ್ಟೇ ಬಿಟ್ಟುಹೋಗುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ವೈದ್ಯರ ಎದುರಿನಲ್ಲೇ ನೋಡಬೇಕು. ಮನೆಯಲ್ಲಿ ಪ್ರಯೋಗ ಸಲ್ಲದು.

ಮಗುವನ್ನು ಶಾಲೆಗೆ ಕಳುಹಿಸುವ ಎರಡು ತಿಂಗಳ ಮೊದಲೇ ನಾವು ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ವೈದ್ಯರು ಬರೆದುಕೊಟ್ಟ ಒಂದೇ ಪುಟದ ಸೂಚನೆ, ಅದರ ಮೇಲೆ ಮಗುವಿನ ಭಾವಚಿತ್ರ, ಮೂರು ದೂರವಾಣಿ ಸಂಖ್ಯೆಗಳು, ಔಷಧದ ಡಬ್ಬಿ, ಇಷ್ಟನ್ನು ಕೈಯಲ್ಲಿ ಕೊಟ್ಟೆವು. ಆ ಪುಟದಲ್ಲಿ ಇರಬೇಕಾದುದು ಇಷ್ಟು. ಬರಿಯ ನಾಲ್ಕು ದದ್ದು, ತುರಿಕೆ ಮಾತ್ರ ಕಂಡರೆ ವೈದ್ಯರು ಹೇಳಿದ ತುರಿಕೆಯ ಔಷಧ ಕೊಟ್ಟು, ಮಗುವನ್ನು ಒಂಟಿಯಾಗಿ ಬಿಡದೆ ಕಣ್ಣಿಟ್ಟು ನೋಡುವುದು. ಕೆಮ್ಮು, ಉಬ್ಬಸ, ದನಿ ಬದಲಾಗುವುದು, ನಾಲಗೆ ಊದುವುದು, ಮೈ ಬಿಳಿಚಿ ತೂಕಡಿಸಿದಂತಾಗುವುದು, ಇವುಗಳಲ್ಲಿ ಒಂದು ಕಂಡರೂ, ಅಥವಾ ದದ್ದಿನ ಜೊತೆಗೆ ಮೇಲಿಂದ ಮೇಲೆ ವಾಂತಿಯಾದರೂ, ತಡಮಾಡದೆ ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ ಅಡ್ರಿನಾಲಿನ್ ಕೊಡುವುದು. ಆಗ ತುರಿಕೆಯ ಔಷಧವನ್ನು ನೆಚ್ಚಿ ಕೂಡಬಾರದು. ಅದು ಮುಚ್ಚುತ್ತಿರುವ ಉಸಿರನ್ನು ತೆರೆಯಲಾರದು. ಮಗುವನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು, ಉಸಿರಾಟ ಕಷ್ಟವಾದರೆ ಕೂಡಿಸಬೇಕು, ನಿಲ್ಲಿಸಬಾರದು, ನಡೆಸಬಾರದು. ಕೂಡಲೇ 108ಕ್ಕೋ 112ಕ್ಕೋ ಕರೆ ಮಾಡಬೇಕು. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಂದು ಸಲ ಕೊಡುವುದುಂಟು. ಮಗು ಚೇತರಿಸಿಕೊಂಡು ನಕ್ಕರೂ ಆಸ್ಪತ್ರೆಗೆ ಒಯ್ಯಲೇಬೇಕು. ಏಕೆಂದರೆ ಕೆಲವು ತಾಸಿನ ಮೇಲೆ ಅದು ಮರಳಿ ಬರಬಹುದು.

ಹೊರದೇಶಗಳಲ್ಲಿ ಈ ಔಷಧವನ್ನು ತುಂಬಿದ, ತೊಡೆಗೆ ಒತ್ತಿದರೆ ಸಾಕಾಗುವ ಪೆನ್ನಿನಂಥ ಸಾಧನ ಬಳಕೆಯಲ್ಲಿದೆ. ನಮ್ಮಲ್ಲಿ ಅದು ಕೇಳಿದ ಅಂಗಡಿಯಲ್ಲೆಲ್ಲ ಸಿಗುವ ವಸ್ತುವಲ್ಲ. ಆದುದರಿಂದ ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಎಷ್ಟು, ಅದನ್ನು ಸಿರಿಂಜಿಗೆ ಎಳೆಯುವುದು ಹೇಗೆ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು, ಅವರ ಎದುರಿನಲ್ಲಿ ನಾವೂ ಕಲಿತೆವು, ಶಾಲೆಯ ದಾದಿಯೂ ಕಲಿತರು. ದಾದಿ ಇಲ್ಲದ ಶಾಲೆಯಾದರೆ ಹತ್ತಿರದ ದವಾಖಾನೆ ಯಾವುದು, ಅಲ್ಲಿಯ ಡಾಕ್ಟರರು ಯಾವ ಹೊತ್ತಿಗೆ ಇರುತ್ತಾರೆ, ಅವರು ಎಷ್ಟು ನಿಮಿಷದಲ್ಲಿ ಬರಬಲ್ಲರು ಎಂಬುದನ್ನು ಮೊದಲೇ ಗಡಿಯಾರ ಹಿಡಿದು ಗೊತ್ತುಮಾಡಿಕೊಳ್ಳಬೇಕು. ಔಷಧವನ್ನು ಬಿಸಿಲು, ಸೆಕೆಗಳಿಂದ ಕಾಪಾಡಬೇಕು. ಬೀಗದ ಕಪಾಟಿನಲ್ಲಿಟ್ಟು ಬೀಗದ ಕೈ ಹುಡುಕುವಂತಾಗಬಾರದು. ಅವಧಿ ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ಇಷ್ಟು ಎಲ್ಲ ಊರಿನ ಪಾಲಕರಿಗೂ ಸಮಾನ. ನಮ್ಮಂತೆ ಪರಭಾಷೆಯ ಊರಿನಲ್ಲಿ ನೆಲೆಸಿದವರಿಗೆ ಇನ್ನೊಂದು ತೊಡಕುಂಟು. ಅದು ಮಾತಿನ ತೊಡಕು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಮಗುವಿನ ಮಟ್ಟಿಗೆ ಈ ಎರಡು ವಿದ್ಯೆಗಳೂ ಒಂದೇ. ಮಾತು ಬಾರದಿದ್ದರೆ ಊಟವೂ ಬಾರದು.

ನೋಡಿ, ಒಂದೇ ಕಾಳಿಗೆ ನಮ್ಮಲ್ಲೇ ಎಷ್ಟು ಹೆಸರುಗಳು! ಧಾರವಾಡದ ಕಡೆಯವರಿಗೆ ಅದು ಶೇಂಗಾ, ಮೈಸೂರಿನವರಿಗೆ ಕಡಲೆಕಾಯಿ, ಕಡಲೆಬೀಜ, ಕರಾವಳಿಯವರಿಗೆ ನೆಲಗಡಲೆ. ಮರಾಠಿಯಲ್ಲಿ ಶೇಂಗದಾಣೆ, ಮುಂಬಯಿಯ ಪೇಟೆಯಲ್ಲಿ ಸಿಂಗದಾಣಾ, ಹಿಂದಿಯಲ್ಲಿ ಮೂಂಗ್‌ಫಲಿ, ಹೈದರಾಬಾದಿನಲ್ಲಿ ಪಲ್ಲಿ, ಮದ್ರಾಸಿನ ಕಡೆ ವೇರ್ಕಡಲೈ. ಮೈಸೂರಿನ ತಾಯಿಯೊಬ್ಬಳು “ಕಡಲೆ ಕೊಡಬೇಡಿ” ಎಂಬ ಮಾತನ್ನು ಹಾಗೆಯೇ ಹಿಂದಿಗೆ ತಿರುಗಿಸಿ ಹೇಳಿದಳೆನ್ನಿ. ಶಿಕ್ಷಕಿ ಚಣಾ ತಪ್ಪಿಸಿ, ಮೂಂಗ್‌ಫಲಿಯ ಲಾಡು ಕೊಟ್ಟಾಳು! ಹಾಗೆಯೇ ಮರಾಠಿಯವರ ‘ಕೂಟ’ ಎಂದರೆ ನಮ್ಮ ತರಕಾರಿಯ ಕೂಟು ಅಲ್ಲ, ಹುರಿದ ಶೇಂಗಾದ ಪುಡಿ. ಉಪವಾಸದ ದಿನದ ಸಾಬುದಾಣಿ ಖಿಚಡಿಯಲ್ಲಿ ಅದೇ ಜೀವಾಳ. ಪಲ್ಯ, ಕೋಸಂಬರಿಗಳಲ್ಲೂ ಅದು ಕಣ್ಣಿಗೆ ಬೀಳದೆ ಸೇರಿಕೊಳ್ಳುತ್ತದೆ. ಆದುದರಿಂದ ನಾವು ಶಾಲೆಗೆ ಕೊಟ್ಟ ಕಾಗದದಲ್ಲಿ ಎಲ್ಲ ಹೆಸರುಗಳನ್ನೂ ಬರೆದು, ಪಕ್ಕದಲ್ಲಿ ಶೇಂಗಾಕಾಯಿಯ ಚಿತ್ರವನ್ನೂ ಅಂಟಿಸಿದೆವು. ಚಿತ್ರಕ್ಕೆ ಭಾಷಾಂತರ ಬೇಕಿಲ್ಲವಷ್ಟೆ.

ಪೊಟ್ಟಣದ ತಿಂಡಿಗಳ ಮೇಲೆ ಶೇಂಗಾ, ಹಾಲು, ಗೋಧಿ ಮೊದಲಾದವುಗಳಿದ್ದರೆ ಪ್ರತ್ಯೇಕವಾಗಿ ಸೂಚಿಸಬೇಕೆಂದು 2020ರ ಕೇಂದ್ರ ನಿಯಮಗಳು ವಿಧಿಸಿವೆ. ಆ ಪಟ್ಟಿಯಲ್ಲಿ ಎಳ್ಳಿನ ಹೆಸರಿಲ್ಲ. ಎಳ್ಳು ಆಗದ ಮಕ್ಕಳಿದ್ದವರು ಪದಾರ್ಥಗಳ ಪಟ್ಟಿಯನ್ನು ಪೂರ್ತಿಯಾಗಿ ಓದತಕ್ಕದ್ದು. ಬಿಡಿಯಾಗಿ ತೂಗಿ ಕೊಡುವ ಚೂಡಾ, ಫರಸಾಣಗಳನ್ನು ನಾವು ದೂರವೇ ಇಟ್ಟಿದ್ದೇವೆ. ಶೇಂಗಾ ಕರಿದ ಎಣ್ಣೆಯಲ್ಲೇ ಇನ್ನೊಂದನ್ನು ಕರಿಯುವುದುಂಟು. ಗಾಣದ ಶೇಂಗಾಎಣ್ಣೆಯಲ್ಲಿ ಕಾಳಿನ ಅಂಶ ಉಳಿದಿರುತ್ತದೆಂಬುದನ್ನೂ ನೆನಪಿಡಬೇಕು.

ಇದನ್ನೆಲ್ಲ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ಗ್ರಹಿಸಿದವರು ಅಜ್ಜಿ. ಶೇಂಗಾ ಚಟ್ನಿಯ ಚಮಚವನ್ನು ಮಗುವಿನ ತುಪ್ಪದ ಬಟ್ಟಲಿಗೆ ಅದ್ದಬಾರದು ಎಂಬುದನ್ನು ನಾವು ವಿಜ್ಞಾನದ ಮಾತಿನಲ್ಲಿ ವಿವರಿಸಹೋದಾಗ ಅವರು, “ಎಂಜಲು ಮುಸುರೆ ಅಂದ ಹಾಗೆ. ಇಷ್ಟು ಹೇಳೋದಕ್ಕೆ ಅಷ್ಟು ದೊಡ್ಡ ಮಾತು ಯಾಕೆ?” ಎಂದರು. ಅಂದಿನಿಂದ ಮಗುವಿನ ಡಬ್ಬಿ, ಚಮಚ, ಬಾಣಲೆಗಳೇ ಬೇರೆ. ಅಂಟಿದ ಶೇಂಗಾದ ಅಂಶ ಸಾಬೂನು ನೀರಿಗೆ ಹೋಗುತ್ತದೆ, ಕೈಗೆ ಸವರಿಕೊಳ್ಳುವ ಸ್ಯಾನಿಟೈಜರಿಗೆ ಹೋಗುವುದಿಲ್ಲ. ಇದನ್ನು ಶಿಕ್ಷಕಿಯವರಿಗೂ ಹೇಳಿದೆವು. ಊಟಕ್ಕೆ ಮೊದಲೂ ಆಮೇಲೂ ತರಗತಿಯ ಮಕ್ಕಳೆಲ್ಲ ಸಾಬೂನಿನಿಂದ ಕೈ ತೊಳೆಯುವ ಪದ್ಧತಿಯನ್ನು ಅವರು ತಂದರು. ಅದು ಎಲ್ಲ ಮಕ್ಕಳಿಗೂ ಒಳ್ಳೆಯದೇ. ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಕೂಡಿಸುವುದು ಮಾತ್ರ ಬೇಡವೆಂದು ಕೇಳಿಕೊಂಡೆವು. ಪಕ್ಕದ ಹುಡುಗ ಶೇಂಗಾ ತಿಂದ ಮಾತ್ರಕ್ಕೆ ಅದರ ವಾಸನೆಯಿಂದ ಸಾಮಾನ್ಯವಾಗಿ ಅಪಾಯವಾಗುವುದಿಲ್ಲ. ಬಾಯಿಗೆ ಹೋಗಬಾರದು, ಅಷ್ಟೆ.

ಇನ್ನು ಮಗುವಿಗೆ ಕಲಿಸಿದ ಪಾಠ. “ತಿಂದರೆ ಸಾಯುತ್ತೀ” ಎಂದು ನಾವು ಎಂದೂ ಹೆದರಿಸಲಿಲ್ಲ. ರಸ್ತೆ ದಾಟುವಾಗ ಕೈ ಹಿಡಿಯಬೇಕು ಎಂದು ಕಲಿಸಿದಂತೆಯೇ ಮೂರು ಮಾತು ಕಲಿಸಿದೆವು. ಒಂದು, ನನ್ನ ಡಬ್ಬಿಯಲ್ಲಿದ್ದದ್ದೇ ನನ್ನ ಊಟ. ಎರಡು, ಯಾರು ಏನು ಕೊಟ್ಟರೂ, ಟೀಚರೇ ಕೊಟ್ಟರೂ, “ಅಮ್ಮನನ್ನು ಕೇಳಬೇಕು” ಎನ್ನುವುದು. ಮೂರು, ಬಾಯಿಯಲ್ಲಿ, ಗಂಟಲಲ್ಲಿ, ಹೊಟ್ಟೆಯಲ್ಲಿ ಏನಾದರೂ ಆದರೆ ಆ ಕ್ಷಣವೇ ದೊಡ್ಡವರಿಗೆ ಹೇಳುವುದು, ಒಬ್ಬಳೇ ಬಚ್ಚಲಿಗೆ ಹೋಗದಿರುವುದು. ಸಂಜೆ ಹೊತ್ತು ಅಜ್ಜಿ ಶಾಲೆಯ ಗೆಳತಿಯಾಗಿ ನಟಿಸಿ ಉಂಡಿ ನೀಡುವರು, ಮಗು ಬೇಡವೆನ್ನುವಳು. ಬೇಡವೆನ್ನುವಾಗ ಮುಖ ಸಿಂಡರಿಸದೆ ನಗುತ್ತ ಹೇಳುವುದನ್ನೂ ಕಲಿಸಿದೆವು. ಇಲ್ಲವಾದರೆ ಒಬ್ಬರ ಕೈಯ ತಿಂಡಿ ಬೇಡವೆಂದದ್ದಕ್ಕೆ ಜನ ಜಾತಿಯ ಅರ್ಥ ಕಟ್ಟಿಯಾರು. ಹುಟ್ಟುಹಬ್ಬಕ್ಕೆ ಯಾರಾದರೂ ಮಿಠಾಯಿ ಹಂಚಿದರೆ ಅವಳಿಗೆ ಬೇಸರವಾಗದಂತೆ ಅವಳದೇ ಸಿಹಿಯ ಡಬ್ಬಿಯೊಂದು ಶಿಕ್ಷಕಿಯ ಕಪಾಟಿನಲ್ಲಿದೆ.

ಈ ಮಾತುಗಳನ್ನು ಅವಳು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಬಲ್ಲಳು. “ಮಲಾ ಶೇಂಗದಾಣೆ ಚಾಲತ ನಾಹೀತ” ಎಂದು ಅವಳು ಹೇಳಿದರೆ ಅಪ್ಪಟ ಪುಣೇಕರರೂ ಮೆಚ್ಚಬೇಕು. ಆದರೆ ಒಂದು ಸಂಗತಿ ನಮ್ಮ ನಿದ್ದೆ ಕೆಡಿಸಿತು. ಆರೋಗ್ಯದಲ್ಲಿರುವಾಗ ಮಗು ಎಷ್ಟು ಭಾಷೆಯಾದರೂ ಆಡೀತು. ಗಂಟಲು ಬಿಗಿದು ಕಂಗಾಲಾದಾಗ ನಾಲ್ಕು ವರ್ಷದ ಕೂಸಿನ ಬಾಯಿಗೆ ಬರುವುದು ತಾಯಿನುಡಿಯೊಂದೇ. ಅವಳು “ಉಸಿರು ಆಗ್ತಿಲ್ಲ” ಎಂದು ಅತ್ತಾಗ, ಅರ್ಥವಾಗದ ಶಿಕ್ಷಕಿ ‘ಮನೆಯ ನೆನಪಾಗಿರಬೇಕು’ ಎಂದು ಸಮಾಧಾನ ಮಾಡುತ್ತ ಕುಳಿತರೆ ಗತಿಯೇನು? ಆದುದರಿಂದ ನಾವು ಐದು ಕನ್ನಡದ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಅರ್ಥಸಹಿತ ತರಗತಿಯ ಗೋಡೆಗೆ ಅಂಟಿಸುವಂತೆ ಬೇಡಿಕೊಂಡೆವು. ಉಸಿರು, ಗಂಟಲು, ತುರಿಕೆ, ಹೊಟ್ಟೆನೋವು, ‘ಆಗ್ತಿಲ್ಲ’. ಮರಾಠಿ ಮಾತನಾಡುವ ಆ ತಾಯಿ ಐದನ್ನೂ ಕಲಿತರು. ಅವರನ್ನು ನೋಡಿ ಆಯಾ ಕಲಿತರು, ಬಸ್ಸಿನ ಚಾಲಕನೂ ಕಲಿತನು. ಪರನಾಡಿನಲ್ಲಿ ಕನ್ನಡದ ಪ್ರಚಾರವೆಂದರೆ ದೊಡ್ಡ ದೊಡ್ಡ ಯೋಜನೆಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಈ ಐದು ಮಾತಿನ ಪ್ರಚಾರದಷ್ಟು ನೆಮ್ಮದಿಯನ್ನು ನಮಗೆ ಬೇರಾವುದೂ ಕೊಟ್ಟಿಲ್ಲ.

ಕೊನೆಯದಾಗಿ ಸಂಘದ ಬಂಧುಗಳಲ್ಲಿ ನಮ್ಮ ಬೇಡಿಕೆ. ಸಂಕ್ರಾಂತಿಯಂದು ಈ ಸಭಾಗೃಹದಲ್ಲಿ ನಾವು ಎಳ್ಳುಬೆಲ್ಲ ಹಂಚುತ್ತೇವೆ. ಅದರಲ್ಲಿ ಎಳ್ಳೂ ಉಂಟು, ಶೇಂಗಾವೂ ಉಂಟು. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ; ನಾಡಿನ ಸವಿ ಮಕ್ಕಳಿಗೆ ದೊರೆಯಲಿ. ಪಕ್ಕದಲ್ಲಿ ಬೇರೆ ತಟ್ಟೆಯಲ್ಲಿ, ಬೇರೆ ಚಮಚದೊಡನೆ, ಒಂದಿಷ್ಟು ಸಕ್ಕರೆಅಚ್ಚುಗಳನ್ನು ಇಟ್ಟರೆ ಸಾಕು. ಉತ್ಸವದ ಊಟದ ದಿನ ಚಿತ್ರಾನ್ನ, ಪುಳಿಯೋಗರೆ, ಚಟ್ನಿಗಳಲ್ಲಿ ಏನೇನಿದೆ ಎಂದು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ತಾಯಿಯನ್ನು ಕೇಳದೆ ಯಾರ ಮಗುವಿನ ಬಾಯಿಗೂ ಏನನ್ನೂ ಇಡಬೇಡಿರಿ. “ಒಂದು ಚೂರು ತಿಂದರೆ ಏನಾಗುತ್ತದೆ?” ಎಂಬ ಪ್ರೀತಿಯ ಮಾತೇ ಇಂಥ ಮಕ್ಕಳಿಗೆ ಎಲ್ಲಕ್ಕಿಂತ ಅಪಾಯದ ಮಾತು.

ಊರು ಬಿಟ್ಟು ಬಂದ ನಮಗೆ ಇಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ ಎಲ್ಲರೂ ನೀವೇ. ಮಗುವನ್ನು ಕಾಯುವ ಕಣ್ಣುಗಳು ಎರಡಕ್ಕಿಂತ ನಾಲ್ಕು ಲೇಸು, ನಾಲ್ಕಕ್ಕಿಂತ ನಾನೂರು ಲೇಸು.