ಬೇಸಿಗೆಯ ಅತಿಥಿಗಳು

ಚೈತ್ರ ಕಳೆಯುವುದರೊಳಗೆ ಸಿಂಧನೂರು, ಲಿಂಗಸುಗೂರುಗಳ ಕಡೆಯ ನಮಗೆ ಮಡಿಕೇರಿಯ ಕನಸು ಬೀಳತೊಡಗುತ್ತದೆ. ಒಮ್ಮೆ ಹೋಗಿಯೂ ಬಂದೆವು. ತಂಪೇನೋ ಇತ್ತು, ರಾಜಾಸೀಟಿನಲ್ಲಿ ಮಾತ್ರ ನಿಲ್ಲಲು ಎಡೆಯಿರಲಿಲ್ಲ. ನಮಗೆ ಬಿಡಾರ ಕೊಟ್ಟ ವೃದ್ಧೆ, "ಮಳೆಗಾಲದಲ್ಲಿ ಬನ್ನಿ, ಆಗ ಊರು ನಮಗೂ ಸಿಕ್ಕುತ್ತದೆ" ಎಂದರು. ಆ ಗದ್ದಲದಲ್ಲಿ ನಮ್ಮದೂ ಒಂದು ಪಾಲೆಂಬುದು ಆಗ ಹೊಳೆಯಿತು.

ಮಸ್ಕಿಗೂ ಅತಿಥಿಗಳುಂಟು. 1915ರಲ್ಲಿ ಗಣಿಯ ಇಂಜಿನಿಯರಾದ ಬೀಡನ್ ಅವರು ಅಲ್ಲಿ ಕಂಡ ಬಂಡೆಯ ಶಾಸನದಲ್ಲಿ, ಬಿರುದಿನೊಡನೆ ಅಶೋಕನ ಹೆಸರೂ ಇದೆ. ಅದನ್ನು ನೋಡಬಂದವರು ಬೆವರೊರಸಿಕೊಳ್ಳುತ್ತ, "ಇಲ್ಲಿ ಹೇಗೆ ಬಾಳುತ್ತೀರಿ?" ಎನ್ನುತ್ತಾರೆ. ತುಂಗಭದ್ರೆಯ ಕಾಲುವೆಯಲ್ಲಿ ನೀರು ಹರಿಯದ ಆ ದಿನಗಳಲ್ಲಿ ನಾವು ಕೊಡಗಳನ್ನು ಎಣಿಸಿ ಇಟ್ಟಿರುತ್ತೇವೆ. ಆದರೂ ಮೊದಲ ತಂಬಿಗೆ ಅವರಿಗೇ. ಅವರು ಕುಡಿದು ಹೊರಟ ಮೇಲೆ ನಮಗೆ ಮತ್ತೆ ಮಡಿಕೇರಿಯ ನೆನಪು.