ಮಹಾಳಿ ರೋಗವೂ ಪರೀಕ್ಷಿಸಿ ನೋಡುವ ಕ್ರಮವೂ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂದು ಮಾತನಾಡಲು ನನಗೆ ಕೊಟ್ಟಿರುವ ವಿಷಯ ಜೀವಶಾಸ್ತ್ರದ ಪರಿಚಯ, ಪ್ರಯೋಗಶಾಲೆಯಲ್ಲಿ ವಹಿಸಬೇಕಾದ ಎಚ್ಚರಿಕೆ ಮತ್ತು ಶಾಸ್ತ್ರೀಯ ವಿಧಾನ. ಕೇಳಿದರೆ ಮಣಿಪಾಲದ ಕಾಲೇಜಿನಲ್ಲಿ ಬಿಳಿಯ ಅಂಗಿ ತೊಟ್ಟ ಹುಡುಗರಿಗೆ ಹೇಳುವ ಪಾಠದಂತೆ ತೋರುತ್ತದೆ. ಆದರೆ ಈ ಮೂರೂ ನಮ್ಮ ಅಡಿಕೆ ತೋಟದಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ, ಒಟ್ಟಿಗೆ ಎದುರಾಗುತ್ತವೆ. ಮಹಾಳಿ ರೋಗ ಹೇಗೆ ಬರುತ್ತದೆಂಬುದು ಜೀವಶಾಸ್ತ್ರ. ಮೈಲುತುತ್ತನ್ನು ಮನೆಯಲ್ಲಿ ಎಲ್ಲಿಡಬೇಕೆಂಬುದು ಎಚ್ಚರಿಕೆ. ಮದ್ದು ಬಿಟ್ಟದ್ದರಿಂದ ಗೊನೆ ಉಳಿಯಿತೋ, ತಾನಾಗಿಯೇ ಉಳಿಯಿತೋ ಎಂದು ತಿಳಿಯುವುದು ಶಾಸ್ತ್ರೀಯ ವಿಧಾನ.

ಒಬ್ಬ ಹಿರಿಯರು ನನ್ನನ್ನು ಹೀಗೆ ಕೇಳಿದರು: "ನಾನು ಎರಡು ಸಲ ಮದ್ದು ಬಿಟ್ಟೆ, ಮಹಾಳಿ ಬಂತು. ಆಚೆ ತೋಟದವರು ಒಂದೇ ಸಲ ಬಿಟ್ಟರು, ಅವರಿಗೆ ಬರಲಿಲ್ಲ. ಇನ್ನು ನಿಮ್ಮ ಮದ್ದನ್ನು ಏಕೆ ನಂಬಬೇಕು?" ಪ್ರಶ್ನೆ ನ್ಯಾಯವಾದದ್ದು. ನಂಬಿ ಎಂದು ನಾನು ಹೇಳುವುದಿಲ್ಲ. ಪರೀಕ್ಷಿಸಿ ನೋಡುವ ಕ್ರಮವೊಂದಿದೆ, ಅದನ್ನು ಹೇಳುತ್ತೇನೆ.

ಮೊದಲು ಕರಾವಳಿಯ ಕಾಪು ಕಡೆಯವರಿಗಾಗಿ ಬದನೆಯ ಮಾತು. ಮಟ್ಟು ಗ್ರಾಮದ ಗುಳ್ಳ ಬದನೆಯ ಹೆಸರು ಕೇಳದವರಿಲ್ಲ. ವಾದಿರಾಜ ಸ್ವಾಮಿಗಳು ಅದರ ಬೀಜ ಕೊಟ್ಟರೆಂಬ ಕಥೆಯೂ ನಿಮಗೆ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಬದನೆ ಗಿಡ ಎಲೆ ಹಸುರಾಗಿರುವಾಗಲೇ ಒಮ್ಮೆಲೇ ಸೊರಗಿತೆನ್ನಿ. ಬುಡದ ಬಳಿಯ ಕಾಂಡವನ್ನು ಮೂರು ಅಂಗುಲದಷ್ಟು ಕೊಯ್ದು, ಒರೆಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಕೊಯ್ದ ತುದಿ ಮುಳುಗುವಂತೆ ಅಲುಗಾಡದ ಹಾಗೆ ತೂಗಹಾಕಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನ ನೂಲಿನಂತಹ ಎಳೆ ಕೆಳಗಿಳಿದರೆ, ಅದು ಬ್ಯಾಕ್ಟೀರಿಯ. ಸೂಕ್ಷ್ಮದರ್ಶಕವಿಲ್ಲದೆ ಕಾಣದ ಜೀವಿಗಳು ಕೋಟಿಗಟ್ಟಲೆ ಸೇರಿದ್ದರಿಂದ ಬರಿಗಣ್ಣಿಗೆ ಕಂಡವು. ಅವು ಕಾಂಡದ ನೀರಿನ ನಾಳಗಳನ್ನು ಕಟ್ಟಿಬಿಟ್ಟಿವೆ. ಎಲೆಯ ಮೇಲೆ ಏನು ಸಿಂಪಡಿಸಿದರೂ ಆ ಗಿಡ ಬದುಕದು. ಕಿತ್ತು ಸುಟ್ಟು, ಆ ಸಾಲಿನಲ್ಲಿ ಕೆಲವು ಕಾಲ ಬದನೆ, ಟೊಮೆಟೊ, ಮೆಣಸು ನೆಡದೆ ಬೇರೆ ಜಾತಿಯ ಬೆಳೆ ಇಡಬೇಕು.

ಆದರೆ ಒಂದೇ ಲೋಟ ಇಟ್ಟರೆ ಸಾಲದು. ಪಕ್ಕದಲ್ಲಿ ಇನ್ನೊಂದು ಲೋಟ ಇಟ್ಟು, ಅದರಲ್ಲಿ ಆರೋಗ್ಯವಾದ ಗಿಡದ ಕಾಂಡವನ್ನು ತೂಗಹಾಕಬೇಕು. ಎರಡರಲ್ಲಿಯೂ ಬಿಳಿ ಎಳೆ ಇಳಿದರೆ ನಾವು ನೋಡಿದ್ದು ರೋಗವಲ್ಲ, ಬೇರೆ ಏನೋ. ಒಂದರಲ್ಲಿ ಮಾತ್ರ ಇಳಿದರೆ ಆಗ ಮಾತಿಗೆ ಬಲ ಬಂತು. ಈ ಎರಡನೆಯ ಲೋಟವನ್ನು ಮರೆಯಬೇಡಿ. ತೋಟಕ್ಕೂ ಅದನ್ನು ಕೊಂಡೊಯ್ಯಬೇಕಾಗಿದೆ.

ಇನ್ನು ಮಹಾಳಿ. ಘಟ್ಟದ ಮೇಲಿನವರು ಇದನ್ನು ಕೊಳೆರೋಗ ಎನ್ನುತ್ತಾರೆ. ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂತಹ ಕಡು ಹಸುರು ಮಚ್ಚೆ ಏಳುತ್ತದೆ, ಹರಡುತ್ತದೆ, ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ರೋಗ ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಇದು ದೃಷ್ಟಿಯಿಂದಾಗಲಿ, ಸಿಡಿಲಿನಿಂದಾಗಲಿ, ಮಳೆನೀರಿನ ದೋಷದಿಂದಾಗಲಿ ಬರುವುದಲ್ಲ. ಫೈಟಾಫ್ತರ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಅದು ಪಾಚಿಯ ಕಡೆಗೆ ಹತ್ತಿರ ಎಂದು ಈಚಿನ ವಿಜ್ಞಾನಿಗಳು ಹೇಳುತ್ತಾರೆ. ಅದರ ಬೀಜಕಣಗಳಿಗೆ ಬಾಲದಂತಹ ಎರಡು ಎಳೆಗಳಿದ್ದು, ಅವು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನಿಂತ ಒಂದು ಹನಿ ಮಳೆನೀರೇ ಅವಕ್ಕೆ ಕೆರೆ. ಆದ್ದರಿಂದಲೇ ಕಾರ್ತೆಲ್, ಆಟಿ ತಿಂಗಳುಗಳಲ್ಲಿ ಬಿಡದೆ ಮಳೆ ಸುರಿದು, ನಡುನಡುವೆ ಬಿಸಿಲು ಕಂಡು, ಹವೆ ತಂಪಾಗಿರುವಾಗ ರೋಗ ಉಲ್ಬಣಿಸುತ್ತದೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಎರಡು ಗಾಜಿನ ಭರಣಿಗಳ ತಳದಲ್ಲಿ ಒದ್ದೆ ಬಟ್ಟೆ ಹಾಸಿ. ಎರಡಕ್ಕೂ ಮರದಿಂದ ಕೊಯ್ದ ಒಳ್ಳೆಯ ಹಸಿ ಕಾಯಿ ಹಾಕಿ. ಒಂದರಲ್ಲಿ ಮಾತ್ರ ಆ ಒಳ್ಳೆಯ ಕಾಯಿಗೆ ತಾಗುವಂತೆ ಒಂದು ಮಹಾಳಿ ಕಾಯಿ ಇಟ್ಟು, ಎರಡನ್ನೂ ಮುಚ್ಚಿ ನೆರಳಿನಲ್ಲಿಡಿ. ದಿನವೂ ನೋಡಿ, ಕಂಡದ್ದನ್ನು ಬರೆದಿಡಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮುಗಿದ ಮೇಲೆ ಆ ಕಾಯಿಗಳನ್ನು ತೋಟಕ್ಕೆ ಎಸೆಯದೆ ಒಲೆಗೆ ಹಾಕಿ ಸುಡಿ, ಕೈ ತೊಳೆಯಿರಿ. ಆ ಭರಣಿಗಳು ಮತ್ತೆ ಉಪ್ಪಿನಕಾಯಿಗೆ ಬೇಡ.

ಮದ್ದಿನ ಕಥೆಯನ್ನೂ ಕೇಳಬೇಕು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿ ತೋಟದ ಒಡೆಯರು, ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಬಳಿಯುತ್ತಿದ್ದರು. 1882ರಲ್ಲಿ ಬೂಷ್ಟು ರೋಗದಿಂದ ಬಳ್ಳಿಗಳ ಎಲೆ ಉದುರಿದಾಗ, ಆ ದಾರಿಯ ಅಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. ಮಿಲ್ಲಾರ್ಡೆ ಎಂಬ ಪ್ರೊಫೆಸರು ಅದನ್ನು ಕಂಡರು. ಕಂಡ ಕೂಡಲೇ ಅವರು ಊರಿಗೆಲ್ಲ ಡಂಗುರ ಹೊಡೆಯಲಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗುವುದುಂಟಲ್ಲ! ಬೇಕೆಂದೇ ಬಳಿದು, ಬಳಿಯದ ಬಳ್ಳಿಗಳೊಡನೆ ಹೋಲಿಸಿ, ಆಮೇಲೆ 1885ರಲ್ಲಿ ಪ್ರಕಟಿಸಿದರು. ಕಳ್ಳರ ಕಾಟ ನಮ್ಮ ಅಡಿಕೆಗೆ ಉಪಕಾರವಾದ ಬಗೆ ಇದು.

ನಮ್ಮ ನಾಡಿನಲ್ಲಿ ಇದನ್ನು ಅಡಿಕೆಗೆ ತಂದವರು ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಕಾರಣ ಫೈಟಾಫ್ತರವೆಂದು 1910ರಲ್ಲಿ ಬರೆದರು. ಗೊನೆಗಳಿಗೆ ಬೋರ್ಡೋ ದ್ರಾವಣ ಬಿಡಬೇಕೆಂದು ಸಲಹೆ ಕೊಟ್ಟರು. ಅದಕ್ಕೆ ಮೊದಲು ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಗೊನೆಗೆ ನೀರು ತಾಗದಂತೆ ಕಾಯುವುದೇ ರೂಢಿಯಾಗಿತ್ತು. ಆ ಹಳಬರನ್ನು ನಾನು ಹಗುರವಾಗಿ ಕಾಣಲಾರೆ. ಬೀಜಕಣಕ್ಕೆ ಈಜಲು ನೀರೇ ಸಿಗದಂತೆ ಅವರು ಮಾಡಿದ್ದರು; ಕಾರಣ ತಿಳಿಯದೆ ಇದ್ದರೂ ಉಪಾಯ ಸರಿಯಾಗಿತ್ತು. ನಮ್ಮ ಜಿಲ್ಲೆಗಳ ಬಳಿಯಲ್ಲಿಯೇ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರವೂ ಆರಂಭವಾಯಿತು.

ಈಗ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬೋರ್ಡೋ ದ್ರಾವಣ ಕಾಯುವ ಮದ್ದು, ವಾಸಿ ಮಾಡುವ ಮದ್ದಲ್ಲ. ಕಾಯಿಯ ಮೇಲೆ ಕುಳಿತ ತಾಮ್ರ, ಬೀಜಕಣ ಒಳಹೊಗುವ ಮೊದಲೇ ಅದನ್ನು ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಮುಟ್ಟದು. ಕಾಯಿ ಉದುರಲು ಆರಂಭಿಸಿದ ಮೇಲೆ ಬಿಟ್ಟರೆ, ಎರಡು ಸಲವಲ್ಲ, ನಾಲ್ಕು ಸಲ ಬಿಟ್ಟರೂ ಆ ಕಾಯಿಗಳು ಉಳಿಯಲಾರವು. ಮಳೆ ಹಿಡಿಯುವ ಮೊದಲೇ ಒಂದು ಸಲ, ಅಲ್ಲಿಂದ 40–45 ದಿನಕ್ಕೆ ಬಿಡುವು ಕಂಡು ಇನ್ನೊಂದು ಸಲ ಬಿಡಬೇಕು.

ದ್ರಾವಣ ಮಾಡುವಾಗಿನ ಎಚ್ಚರಿಕೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಪಡಬೇಡಿ. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಬೇರೆ ಪಾತ್ರೆಯಲ್ಲಿ 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, 50 ಲೀಟರ್ ನೀರು ಕೂಡಿಸಿ, ಬಟ್ಟೆಯಲ್ಲಿ ಸೋಸಬೇಕು. ಅರಳಿಸುವಾಗ ಸುಣ್ಣಕ್ಕೆ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಮುಖ ಬಗ್ಗಿಸಬೇಡಿ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಬಿದ್ದರೆ ಆ ಕ್ಷಣವೇ ಶುದ್ಧ ನೀರಿನಿಂದ ಕಾಲು ಗಂಟೆಯಾದರೂ ತೊಳೆಯುತ್ತಿದ್ದು ಡಾಕ್ಟರ ಬಳಿಗೆ ಹೋಗಬೇಕು. ಎಣ್ಣೆ, ತುಪ್ಪ, ಎದೆಹಾಲು ಬೇಡ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಪಾತ್ರೆ ಮಣ್ಣಿನದೋ, ಮರದ್ದೋ, ಪ್ಲಾಸ್ಟಿಕ್ಕಿನದೋ ಇರಲಿ. ಕಬ್ಬಿಣ, ತಗಡು ಕೂಡದು. ಉಜ್ಜಿ ಬೆಳಗಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕೂತರೆ ಬಿಡಿ ತಾಮ್ರ ಇನ್ನೂ ಇದೆಯೆಂದು ಅರ್ಥ. ಅದು ಕಾಯಿಯನ್ನು ಸುಡುತ್ತದೆ. ಕೆಂಪು ಕೂರದಿರುವ ತನಕ ಸುಣ್ಣದ ನೀರು ಕೂಡಿಸಿ. ಮಾಡಿದ ದ್ರಾವಣವನ್ನು ಅಂದೇ ಮುಗಿಸಿ.

ಮೈಲುತುತ್ತು ನೋಡಲು ಕಲ್ಲುಸಕ್ಕರೆಯಂತೆ, ಅದರಲ್ಲಿಯೂ ಚೆಂದದ ನೀಲಿ ಬಣ್ಣ. ಮಗುವಿನ ಕೈ ಹೋಗದಿರುತ್ತದೆಯೇ? ಬೀಗವಿರುವ ಪೆಟ್ಟಿಗೆಯಲ್ಲಿಡಿ, ಅಡಿಗೆಮನೆಯಿಂದ ದೂರವಿಡಿ, ಹೆಸರು ಬರೆದಿಡಿ. ಪ್ರಯೋಗಶಾಲೆಯಲ್ಲಿ ಹೆಸರಿಲ್ಲದ ಬಾಟ್ಲಿ ಇಡಬಾರದೆಂಬುದು ಮೊದಲ ನಿಯಮ. ಹಳ್ಳಿಮನೆಯಲ್ಲಿ ಕುಡಿಯುವ ನೀರಿನ ಬಾಟ್ಲಿಯಲ್ಲಿಯೇ ಮದ್ದು ತುಂಬಿಟ್ಟದ್ದನ್ನು ನಾನು ನೋಡಿದ್ದೇನೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸುವ ಗೋಜಿಗೆ ಹೋಗದೆ, ಮದ್ದಿನ ಪೊಟ್ಟಣವನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಒಯ್ಯಿರಿ. ಮದ್ದು ಬಿಡುವಾಗ ಎಲೆಯಡಿಕೆ ಮೆಲ್ಲಬೇಡಿ, ಕಟ್ಟಿಕೊಂಡ ಮೂತಿಯನ್ನು ಬಾಯಿಯಿಂದ ಊದಬೇಡಿ. ಪಂಪನ್ನು ತೋಡಿನಲ್ಲಾಗಲಿ ಬಾವಿಕಟ್ಟೆಯಲ್ಲಾಗಲಿ ತೊಳೆಯಬೇಡಿ. ತಾಮ್ರ ಮೀನಿಗೆ ವಿಷ. ನೆಲದಿಂದಲೇ ಮದ್ದು ಬಿಡುವ ದೋಟಿಗಳಿಂದ ಮರವೇರುವ ಅಪಾಯ ತಪ್ಪಿತು, ಆದರೆ ಇನ್ನೊಂದು ಅಪಾಯ ಬಂತು. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿದರೆ ಹಿಡಿದವನು ಉಳಿಯುವುದಿಲ್ಲ. ಕಾರ್ಬನ್ ಫೈಬರಿನ ದೋಟಿಯೂ ವಿದ್ಯುತ್ತನ್ನು ಹರಿಸುತ್ತದೆ. ತಂತಿ ಹಾದುಹೋದ ಕಡೆ ಲೈನು ಬಂದ್ ಮಾಡಿಸದೆ ದೋಟಿ ಎತ್ತಲೇಬಾರದು. ಒಂದು ಗೊನೆಗಾಗಿ ಮನೆಯ ಯಜಮಾನನನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ಉಳಿದರ್ಧ ಉತ್ತರ ಎರಡನೆಯ ಲೋಟದಲ್ಲಿದೆ. ಆ ಹಿರಿಯರ ತೋಟ ತೋಡಿನ ಬದಿಯ ತಗ್ಗಿನದು. ಆಚೆಯವರದು ಗಾಳಿಯಾಡುವ ಎತ್ತರದ್ದು. ಎರಡು ತೋಟಗಳನ್ನು ಹೋಲಿಸಿದರೆ ಮದ್ದನ್ನು ಹೋಲಿಸಿದಂತಾಗಲಿಲ್ಲ, ಗಾಳಿಯನ್ನೂ ನೆರಳನ್ನೂ ಹೋಲಿಸಿದಂತಾಯಿತು. ಹೋಲಿಕೆ ಒಂದೇ ತೋಟದೊಳಗೆ, ಒಂದೇ ಪ್ರಾಯದ ಮರಗಳಲ್ಲಿ ನಡೆಯಬೇಕು. ಮೂವತ್ತು ಮರ ಗುರುತಿಸಿ. ಹತ್ತಕ್ಕೆ ಮದ್ದು, ಹತ್ತಕ್ಕೆ ಪ್ಲಾಸ್ಟಿಕ್ ಕೊಟ್ಟೆ, ಹತ್ತಕ್ಕೆ ಏನೂ ಇಲ್ಲ. ಯಾವ ಮರಕ್ಕೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿ. ನಮ್ಮ ಕೈಗೆ ಬಿಟ್ಟರೆ ಒಳ್ಳೆಯ ಮರವನ್ನೇ ಮದ್ದಿಗೆ ಆರಿಸುತ್ತದೆ.

ಏನೂ ಬಿಡದ ಹತ್ತು ಮರ ಎಂದೊಡನೆ ಕೆಲವರ ಮುಖ ಸಣ್ಣಗಾದದ್ದು ನನಗೆ ಕಂಡಿತು. ಹೇಳುವವನಿಗೇನು, ಗೊನೆ ಹೋಗುವುದು ನಿಮ್ಮದು. ಆ ಮರಗಳಿಂದ ರೋಗ ಪಕ್ಕಕ್ಕೂ ಹಬ್ಬೀತು. ಆದ್ದರಿಂದ ಸಣ್ಣ ತೋಟದವರು ಇದನ್ನು ಮಾಡಬೇಕೆಂದು ನಾನು ಒತ್ತಾಯಿಸಲಾರೆ. ಅವರು ಮದ್ದು ಮತ್ತು ಕೊಟ್ಟೆ ಎರಡನ್ನೇ ಹೋಲಿಸಲಿ. ಇಲ್ಲವೇ ಹತ್ತು ಮನೆಯವರು ಕೂಡಿ, ಅನುಕೂಲಸ್ಥರೊಬ್ಬರ ತೋಟದ ಅಂಚಿನಲ್ಲಿ ಹತ್ತು ಮರ ಹಾಗೆ ಬಿಟ್ಟು, ಹೋದ ಅಡಿಕೆಯ ಬೆಲೆಯನ್ನು ಹಂಚಿಕೊಳ್ಳಲಿ. ಸಹಕಾರ ಸಂಘಗಳು ಬೇರುಬಿಟ್ಟಿರುವ ಈ ಜಿಲ್ಲೆಯಲ್ಲಿ ಇದು ಆಗದ ಮಾತಲ್ಲ.

ಪ್ರತಿ ಮರದ ಬುಡದಲ್ಲಿ ಬಿದ್ದ ಮಹಾಳಿ ಕಾಯಿಗಳನ್ನು ವಾರಕ್ಕೊಮ್ಮೆ ಎಣಿಸಿ ಪುಸ್ತಕದಲ್ಲಿ ಬರೆಯಿರಿ, ಎಣಿಸಿದ ಮೇಲೆ ಹೆಕ್ಕಿ ಸುಡಿ. ಎಷ್ಟು ದಿನ ಮಳೆ ಬಂತು, ಯಾವ ತಾರೀಖಿಗೆ ಮದ್ದು ಬಿಟ್ಟಿರಿ, ಚೂರಿಯ ಪರೀಕ್ಷೆ ಏನು ತೋರಿಸಿತು ಎಂಬುದೂ ಅದರಲ್ಲಿರಲಿ. ಆಟಿ ಕಳೆದು ಸೋಣ ತಿಂಗಳಲ್ಲಿ ಕೂಡುವ ಸಭೆಗೆ ಆ ಪುಸ್ತಕ ತನ್ನಿ. ಲೆಕ್ಕ ನಾನು ಇಂದು ಹೇಳಿದ್ದಕ್ಕೆ ವಿರುದ್ಧವಾಗಿ ಬಂದಿದ್ದರೂ ತಿದ್ದದೆ ತನ್ನಿ, ಕುಳಿತು ನೋಡೋಣ.